ಬಕ್ಕಪ್ಪ ಮಾಸ್ತರರು ನಾಲ್ಕು ವರ್ಷ ಹಿರಿಯರಾದದ್ದು

ಹೆಡ್‌ಮಾಸ್ಟರರಾಗಲು ಬಕ್ಕಪ್ಪ ಮಾಸ್ತರರಿಗೆ ಬಿದ್ದ ಖರ್ಚು ಇಷ್ಟು. ಖಾದಿ ಕೋಟು ಒಂದು, ನಿಜಾಮರ ಹಾಲಿ ಸಿಕ್ಕಾ ನಾಣ್ಯದಲ್ಲಿ ಹದಿಮೂರು ರೂಪಾಯಿ. ಬಿಳಿ ಟೊಪ್ಪಿಗೆ ಎರಡು, ತಲೆಗೊಂದು ಒಗೆಯುವುದಕ್ಕೊಂದು, ಹನ್ನೆರಡು ಆಣೆ. ಬೀದರಿಗೆ ಮೂರು ಸಲ ಹೋಗಿಬಂದ ಮೋಟಾರಿನ ಚಾರ್ಜು. ಕಚೇರಿಯ ಜವಾನನಿಗೆ ಒಂದು ಡಬ್ಬಿ ತುಪ್ಪ. ತುಪ್ಪ ಹೆಂಡತಿ ಹೀರಾಬಾಯಿಯ ತವರಿನ ಎಮ್ಮೆಯದು, ಹಾಗಾಗಿ ಅದಕ್ಕೆ ರೊಕ್ಕ ಬೀಳಲಿಲ್ಲ, ಬೈಗುಳ ಬಿತ್ತು. ಎಲ್ಲ ಸೇರಿ ಇಪ್ಪತ್ತೈದು ರೂಪಾಯಿ ದಾಟಲಿಲ್ಲ. ಇದರ ಮೇಲೆ ನಾಲ್ಕು ವರ್ಷ ವಯಸ್ಸು. ಅದೊಂದನ್ನು ಮಾತ್ರ ಮಾಸ್ತರರು ಖರ್ಚಿನಲ್ಲಿ ಹಿಡಿದಿರಲಿಲ್ಲ.

ಅವರು ಕಲಿಸುತ್ತಿದ್ದದ್ದು ಔರಾದಿನ ಬಾವಿಕಟ್ಟೆ ಶಾಲೆಯಲ್ಲಿ. ಅಲ್ಲಿ ಹನ್ನೊಂದು ವರ್ಷ ಹೆಡ್‌ಮಾಸ್ಟರರಾಗಿದ್ದವರು ಮುನೀರೋದ್ದೀನ ಸಾಹೇಬರು; ಯುದ್ಧಕಾಲದಲ್ಲಿ ಮಾಸ್ತರರು ಸಿಗದೆ, ನಿವೃತ್ತಿಯ ವಯಸ್ಸು ದಾಟಿದ ಅವರನ್ನು ಸರಕಾರ ಹಾಗೇ ಇಟ್ಟುಕೊಂಡಿತ್ತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಮಿಲಿಟರಿ ಬಂದ ವಾರ ಊರ ಜನ ಸಾಹೇಬರ ಮನೆಯ ಬಾಗಿಲು, ಕಿಟಕಿ, ಕಡೆಗೆ ಹಿತ್ತಲಿನ ಒಗೆಯುವ ಕಲ್ಲನ್ನೂ ಬಿಡದೆ ಹೊತ್ತುಕೊಂಡು ಹೋದರು. ಹೊತ್ತವರಲ್ಲಿ ಅವರ ಹಳೆಯ ಶಿಷ್ಯರೂ ಇದ್ದರು. ಒಬ್ಬನಂತೂ ಮೊದಲು ಸಲಾಮು ಮಾಡಿ ಆಮೇಲೆ ಬಾಗಿಲು ಕಿತ್ತನಂತೆ. ಸಾಹೇಬರು ಶಾಲೆಯ ಬೀಗದಕೈಯನ್ನು ಬಕ್ಕಪ್ಪನವರ ಕೈಗೆ ಕೊಟ್ಟು ಮಗಳು ಶಾಕಿರಾ ಬೇಗಂ ಜೊತೆ ಬೀದರಿಗೆ ಹೊರಟುಹೋದರು. ಹೆಡ್‌ಮಾಸ್ಟರರ ಕೈಯುಳ್ಳ ಖುರ್ಚಿ ಖಾಲಿ ಉಳಿಯಿತು.

ಆ ಖುರ್ಚಿಗೆ ಹಕ್ಕಿದ್ದ ಮಾಸ್ತರರು ಇಬ್ಬರೇ, ಬಕ್ಕಪ್ಪ ಮತ್ತು ಮಡೆಪ್ಪ. ಇಬ್ಬರೂ ಭಾಲ್ಕಿಯವರು. ಹುಡುಗರಾಗಿದ್ದಾಗ ಭಾಲ್ಕಿಯಲ್ಲಿ ಇದೇ ಮುನೀರೋದ್ದೀನರ ಕೈಯಲ್ಲಿ ಬೆತ್ತದೇಟು ತಿಂದವರು. ನೌಕರಿಯ ಹುಕುಂ ಕೂಡ ಇಬ್ಬರಿಗೂ ಒಂದೇ ಕಾಗದದಲ್ಲಿ, ಒಂದೇ ತಾರೀಖಿಗೆ ಬಂದಿತ್ತು. ಒಂದೇ ದಿನ ಸೇರಿದವರಲ್ಲಿ ವಯಸ್ಸಿನಲ್ಲಿ ಹಿರಿಯನೇ ಹಿರಿಯ ಎಂಬುದು ಕಚೇರಿಯ ಕಟ್ಟಳೆ. ಮಡೆಪ್ಪ ಎರಡು ವರ್ಷ ದೊಡ್ಡವನು. ಆಟದಲ್ಲಿ ಮೊದಲ ಸರದಿ ಅವನದು, ಮೀಸೆ ಮೊದಲು ಬಂದದ್ದು ಅವನಿಗೆ, ಮದುವೆ ಮೊದಲು ಆದದ್ದು ಅವನದು. ಖುರ್ಚಿಯೂ ಅವನದೇ ಆಗಬೇಕಿತ್ತು.

ಇಷ್ಟರಲ್ಲಿ ಮೇಲಿನಿಂದ ಒಂದು ಕಾಗದ ಬಂತು. ನಿಜಾಮರ ಕಚೇರಿಗಳೆಲ್ಲ ಫಸಲಿ ವರ್ಷದ ಮೇಲೆ ನಡೆಯುತ್ತಿದ್ದವು. ಜನಿಸಿದ್ದು, ನೌಕರಿ ಸೇರಿದ್ದು, ರಜೆ ಹಾಕಿದ್ದು ಎಲ್ಲವೂ ಫಸಲಿ. ಇನ್ನು ಮೇಲೆ ಎಲ್ಲ ಇಸವಿಯಲ್ಲಿ ಇರಬೇಕು. ಪ್ರತಿಯೊಬ್ಬ ಮಾಸ್ತರನೂ ತನ್ನ ಹುಟ್ಟಿದ ವರ್ಷಕ್ಕೆ ಐದುನೂರ ತೊಂಬತ್ತು ಕೂಡಿಸಿ, ಇಸವಿ ಮಾಡಿ, ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ ಬೀದರಿಗೆ ಕಳಿಸಬೇಕು. ಹಳೆಯ ದಫ್ತರಗಳು ಗಲಾಟೆಯಲ್ಲಿ ದಿಕ್ಕಾಪಾಲಾಗಿದ್ದವು. ಬರೆದದ್ದನ್ನು ತಾಳೆ ನೋಡುವವರು ಯಾರೂ ಇರಲಿಲ್ಲ.

ಆ ಬೇಸಿಗೆಯಲ್ಲಿ ಇಡೀ ಜಿಲ್ಲೆಯ ಮಾಸ್ತರರಿಗೆ ಯೌವನ ಬಂತು. ಲೆಕ್ಕ ಕಲಿಸುವವರೇ ಕೂಡಿಸುವುದರಲ್ಲಿ ತಪ್ಪಿದರು, ತಪ್ಪಿದವರೆಲ್ಲ ಒಂದೇ ದಿಕ್ಕಿಗೆ ತಪ್ಪಿದರು. ಭಾಲ್ಕಿಯ ಒಬ್ಬರು ತಮ್ಮ ಸ್ವಂತ ತಮ್ಮನಿಗಿಂತ ಚಿಕ್ಕವರಾದರು. ಬೀದರಿನ ಒಬ್ಬ ಡ್ರಾಯಿಂಗ್ ಮಾಸ್ತರರು, ಅವರ ಹಾಳೆಯ ಪ್ರಕಾರ, ಒಂಬತ್ತನೆಯ ವಯಸ್ಸಿಗೆ ಸರಕಾರಿ ನೌಕರಿ ಸೇರಿದ್ದರು. ಐವತ್ತೈದಕ್ಕೆ ಮನೆಗೆ ಕಳಿಸುವ ಕಾನೂನು ಎಲ್ಲರ ತಲೆಯಲ್ಲೂ ಇತ್ತು.

ಇಡೀ ಜಿಲ್ಲೆಯಲ್ಲಿ ವಯಸ್ಸು ಏರಿಸಿಕೊಂಡವರು ಬಕ್ಕಪ್ಪ ಮಾಸ್ತರರೊಬ್ಬರೇ. ಅವರು ಹುಟ್ಟಿದ್ದು ಫಸಲಿ ಸಾವಿರದ ಮುನ್ನೂರ ಒಂಬತ್ತು, ಅಂದರೆ ಇಸವಿ 1899. ಅವರು ಬರೆದದ್ದು 1895.

ಮಡೆಪ್ಪನನ್ನು ದಾಟುವುದಕ್ಕೆ ಮೂರು ವರ್ಷ ಸಾಕಿತ್ತು. ಆದರೆ ಮಾಸ್ತರರ ತಲೆ ದೂರ ಓಡಿತು. ತಾನು ಏರಿಸಿದರೆ ಮಡೆಪ್ಪನೂ ಏರಿಸದೆ ಇರುತ್ತಾನೆಯೇ? ಅವನೊಂದು ವರ್ಷ ಏರಿಸಿದರೆ? ಅದಕ್ಕೆ ಮೇಲೊಂದು ವರ್ಷ ಇರಲಿ ಎಂದು ನಾಲ್ಕು ಮಾಡಿದರು. ನಿವೃತ್ತಿ ಅವರಿಗೆ ನೆನಪಾಗಲಿಲ್ಲವೆಂದಲ್ಲ. ನಿಜಾಮರ ಕಾನೂನು ನಿಜಾಮರ ಜೊತೆಗೇ ಹೋಯಿತು, ಸ್ವರಾಜ್ಯದಲ್ಲಿ ಹಿರಿಯರನ್ನು ಮನೆಗೆ ಕಳಿಸುವಷ್ಟು ಕೃತಘ್ನರು ಯಾರಿದ್ದಾರೆ ಎಂದು ಅವರು ನಂಬಿದ್ದರು. ಬಾವುಟ ಬದಲಾದರೆ ಬೀರುವಿನಲ್ಲಿದ್ದ ಕಾಗದವೂ ಬದಲಾಗುತ್ತದೆಂದು ಆಗ ಬಹಳ ಜನ ನಂಬಿದ್ದರು.

1949ರ ಜುಲೈಯಲ್ಲಿ ಹುಕುಂ ಬಂತು. ಬಕ್ಕಪ್ಪ ಹೆಡ್‌ಮಾಸ್ಟರ್.

"ಹೆಡ್‌ಮಾಸ್ಟರ್ ಸಾಹೇಬ್ರ, ನನ್ನ ಸಲಾಂ ತಗೋರಿ," ಎಂದು ಮಡೆಪ್ಪ ಬಾಗಿಲಲ್ಲಿ ನಿಂತು ಸೊಂಟ ಬಗ್ಗಿಸಿದ. ಅವನ ಮುಖದಲ್ಲಿ ಹೊಟ್ಟೆಕಿಚ್ಚೇನೂ ಕಾಣಲಿಲ್ಲ. ಬಕ್ಕಪ್ಪನವರಿಗೆ ಅದರಿಂದ ಸ್ವಲ್ಪ ಬೇಸರವೇ ಆಯಿತು.

"ಲೇ ಮಡೆಪ್ಪಾ, ನಿನಗೇನೂ ಅನ್ಸಲಿಲ್ಲೇನೋ?"

"ಏನ್ ಅನ್ಸಬೇಕು? ಖುರ್ಚಿಗಿ ಕೈ ಅವ. ನನ್ನ ಖುರ್ಚಿಗಿ ಕೈ ಇಲ್ಲ. ಕೂಡೋದು ಮಾತ್ರ ಇಬ್ಬರೂ ಒಂದೇ ಜಾಗಾದ ಮ್ಯಾಲ."

ಹೆಡ್‌ಮಾಸ್ಟರಿಕೆಯ ಸುಖ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಔರಾದಿನಿಂದ ಬೀದರಿಗೆ ಹೋಗುವ ಮೋಟಾರಿನಲ್ಲಿ ಡ್ರೈವರನ ಪಕ್ಕದ ಸೀಟು ಅವರದಾಯಿತು. ಕೂತಿದ್ದ ಕಿರಾಣಿ ವ್ಯಾಪಾರಿಯನ್ನು ಎಬ್ಬಿಸಿ ಹಿಂದೆ ಕಳಿಸುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಮೊದಲ ಸಾಲು. ಕ್ಷೌರದವನ ಹತ್ತಿರ ಕಾಯುವುದಿಲ್ಲ. ತಿಂಗಳಿಗೆ ಹದಿನೈದು ರೂಪಾಯಿ ಹೆಚ್ಚು.

ಆದರೆ ಆ ಹದಿನೈದು ಚಹಾಕ್ಕೇ ಸಾಲುತ್ತಿರಲಿಲ್ಲ. ಪಟೇಲ ಬಂದರೆ ಚಹಾ, ಖಾದಿಯವರು ಬಂದರೆ ಚಹಾ, ನಿನ್ನೆಯವರೆಗೆ ನಿಜಾಮರ ಕಡೆಯ ಕೆಂಪು ರುಮಿ ಟೊಪ್ಪಿಗೆ ಹಾಕಿ ಇಂದು ಖಾದಿಗೆ ಬಂದವರು ಬಂದರೆ ಚಹಾದ ಜೊತೆ ಚಿವಡಾ. ಬಂದವರು ಕೂರುತ್ತಿದ್ದದ್ದು ಕೈಯುಳ್ಳ ಖುರ್ಚಿಯ ಮೇಲೆ. ಯಾರನ್ನು ಎಬ್ಬಿಸುವುದು? ಹೆಡ್‌ಮಾಸ್ಟರರು ದಿನದ ಹೆಚ್ಚು ಹೊತ್ತು ತಮ್ಮ ಖುರ್ಚಿಯ ಪಕ್ಕದಲ್ಲಿ ನಿಂತಿರುತ್ತಿದ್ದರು.

ಒಂದು ಸೋಮವಾರ ಹೊಸ ಪುಸ್ತಕದ ಗಂಟು ಬಂತು. ಉರ್ದು ಹೋಗಿ ಇನ್ನು ಕನ್ನಡ ಎಂದು ಹುಕುಂ ಆಗಿತ್ತು. ಊರಿನ ಅರ್ಧ ಜನಕ್ಕೆ ಮರಾಠಿ ಬೇಕಾಗಿತ್ತು, ಅವರನ್ನು ಹೆಡ್‌ಮಾಸ್ಟರರು ಎರಡು ವಾರ ಕೈಮುಗಿದು ಸಮಾಧಾನ ಮಾಡಿದ್ದರು. ಪಟೇಲರ ಸಮಕ್ಷಮ, ತೆಂಗಿನಕಾಯಿ ಒಡೆದು, ಗಂಟು ಬಿಚ್ಚಿದರು. ಒಳಗೆ ಇದ್ದದ್ದು ತೆಲುಗು.

ಪಟೇಲರು ಒಂದು ಪುಸ್ತಕ ಎತ್ತಿ ತಲೆಕೆಳಗೆ ಹಿಡಿದು ನೋಡಿದರು. "ಛಲೋ ಅದಲ್ರೀ. ಅಕ್ಷರ ದುಂಡ್ಗ ಅವ."

"ಇದು ತೆಲುಗು ಅದರಿ, ಗೌಡ್ರ."

"ಹೌದೇನು? ಹ್ಯಾಂಗೂ ಬಂದಾವ, ಕಲಸ್ರಿ ಮತ್ತ."

"ನನಗ ಬರಾಂಗಿಲ್ರಿ."

"ಹೆಡ್‌ಮಾಸ್ಟರ್ ಇದ್ದೀರಿ, ಬರಾಂಗಿಲ್ಲ ಅಂದ್ರ ಹ್ಯಾಂಗ?" ಎಂದು ಪಟೇಲರು ಖುರ್ಚಿಯ ಕೈಗೆ ಒರಗಿ ಚಹಾ ಕುಡಿದರು.

ಗಂಟನ್ನು ವಾಪಸು ಕಳಿಸಿ ಕನ್ನಡದ್ದು ತರಿಸುವುದಕ್ಕೆ ಹೆಡ್‌ಮಾಸ್ಟರರು ಹನ್ನೊಂದು ಕಾಗದ ಬರೆದರು. ಮಳೆಗಾಲದಲ್ಲಿ ಮೂರನೆಯ ಇಯತ್ತೆಯ ಕೋಣೆಯ ಮಾಳಿಗೆ ಸೋರಿತು, ಅದಕ್ಕೆ ಏಳು ಕಾಗದ. ಪಟೇಲರ ಮಗಳ ಮದುವೆಗೆ ಶಾಲೆಯ ಹಲಗೆಗಳೆಲ್ಲ ಹೋದವು, ಅದಕ್ಕೆ ಕಾಗದ ಬರೆಯಲಿಲ್ಲ. ಐದು ಗಂಟೆಗೆ ಮಡೆಪ್ಪ ಮನೆಗೆ ಹೋಗಿ ಎಮ್ಮೆ ಹಿಂಡಿ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುವಾಗ, ಹೆಡ್‌ಮಾಸ್ಟರರು ಇನ್ನೂ ಶಾಲೆಯ ರಿಜಿಸ್ಟರಿನ ವರ್ಷಗಳಿಗೆ ಐದುನೂರ ತೊಂಬತ್ತು ಕೂಡಿಸುತ್ತಿದ್ದರು.

"ಏನ್ರಿ," ಎಂದು ಹೀರಾಬಾಯಿ ಒಂದು ದಿನ ಕೇಳಿದಳು, "ಮೊದಲ ನೀವು ಮಾಸ್ತರ್ ಇದ್ರಿ. ಸಂಜಿಗಿ ಮನಿಗಿ ಬರ್ತಿದ್ರಿ, ಹುಡುಗ್ರಿಗಿ ಎರಡಕ್ಷರ ಹೇಳ್ತಿದ್ರಿ. ಈಗ ಏನಿದ್ದೀರಿ?"

"ಹೆಡ್‌ಮಾಸ್ಟರ್."

"ಅದ ಕೇಳ್ತೇನಿ, ಅಂದ್ರ ಏನು?"

ಉತ್ತರ ಮಾಸ್ತರರಿಗೆ ಮಾರನೆಯ ದಿನ ಮೋಟಾರಿನ ಮುಂದಿನ ಸೀಟಿನಲ್ಲಿ ಕೂತಾಗ ಹೊಳೆಯಿತು, ಆದರೆ ಹೆಂಡತಿಗೆ ಹೇಳುವಂಥದ್ದಲ್ಲ.

1950ರ ಏಪ್ರಿಲ್‌ನಲ್ಲಿ ಇನ್ನೊಂದು ಹುಕುಂ ಬಂತು. 1895ರಲ್ಲಿ ಹುಟ್ಟಿದ ಶ್ರೀ ಬಕ್ಕಪ್ಪ ಇವರು ಐವತ್ತೈದು ತುಂಬುವುದರಿಂದ ಆಗಸ್ಟ್ ಕೊನೆಗೆ ನಿವೃತ್ತರಾಗತಕ್ಕದ್ದು. ನಿಜಾಮರು ಹೋಗಿದ್ದರು, ಅವರ ಕಾನೂನು ಹೋಗಿರಲಿಲ್ಲ.

ಹೀರಾಬಾಯಿಗೆ ಓದು ಬಾರದು, ಲೆಕ್ಕ ಬರುತ್ತಿತ್ತು. "ನಿಮಗ ಐವತ್ತೈದು ಹ್ಯಾಂಗ? ನಮ್ಮ ಅಣ್ಣನಕಿಂತ ನೀವು ಸಣ್ಣವ್ರು. ಅಂವಗ ಇನ್ನೂ ಐವತ್ಮೂರು."

ಮಾಸ್ತರರು ಹೇಳಬೇಕಾಯಿತು. ಕೇಳಿ ಮುಗಿದ ಮೇಲೆ ಹೀರಾಬಾಯಿ ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು. ಆಮೇಲೆ ಕೇಳಿದಳು, "ಊರ ಮಂದಿಯೆಲ್ಲಾ ವಯಸ್ಸು ಕಡಿಮಿ ಮಾಡ್ಕೊಂಡ್ರು. ನೀವು ಜಾಸ್ತಿ ಮಾಡ್ಕೊಂಡ್ರಿ. ನನಗೂ ಮುದುಕಿ ಅಂತ ಎಲ್ಲಾದರ ಬರ್ದೀರೇನು?"

"ಬೀದರಿಗಿ ಹೋಗಿ ಸರಿ ಮಾಡಿಸ್ತೇನಿ."

"ಹ್ಯಾಂಗ? ಸಾಕ್ಷಿ ಯಾರು?"

ಸಾಕ್ಷಿ ಒಬ್ಬರೇ ಇದ್ದರು. ಭಾಲ್ಕಿಯ ಶಾಲೆಯಲ್ಲಿ ಆರು ವರ್ಷದ ಬಕ್ಕಪ್ಪನನ್ನು ಸೇರಿಸಿಕೊಂಡು, ಹುಟ್ಟಿದ ವರ್ಷವನ್ನು ತಮ್ಮ ಕೈಯಿಂದ ರಿಜಿಸ್ಟರಿನಲ್ಲಿ ಬರೆದವರು ಮುನೀರೋದ್ದೀನ ಸಾಹೇಬರು. ಅವರು ಔರಾದ ಬಿಟ್ಟು ಒಂದೂವರೆ ವರ್ಷ ದಾಟಿತ್ತು. ಮಾಸ್ತರರು ಆ ಅವಧಿಯಲ್ಲಿ ಬೀದರಿಗೆ ಹದಿನಾಲ್ಕು ಸಲ ಹೋಗಿದ್ದರು. ಸಾಹೇಬರ ಮನೆಗೆ ಒಮ್ಮೆಯೂ ಹೋಗಿರಲಿಲ್ಲ.

ಮನೆ ಚೌಬಾರ ಗೋಪುರದ ಹಿಂದಿನ ಓಣಿಯಲ್ಲಿತ್ತು, ಎರಡು ಕೋಣೆಯದು. ಪಡಸಾಲೆಯಲ್ಲಿ ಶಾಕಿರಾ ಬೇಗಂ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮಾಸ್ತರರನ್ನು ನೋಡಿ ಸೆರಗು ತಲೆಗೆ ಎಳೆದುಕೊಂಡಳು, ಯಂತ್ರ ನಿಲ್ಲಿಸಲಿಲ್ಲ.

"ಆವ್ ಬೇಟಾ, ಬಾ," ಎಂದರು ಸಾಹೇಬರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. "ಹೆಡ್‌ಮಾಸ್ಟರ್ ಆಗೀದಿ ಅಂತ ಕೇಳ್ದೆ. ಮೂರನೇ ಇಯತ್ತೆ ಮಾಳಗಿ ಸೋರ್ತದೇನು ಇನ್ನೂ?"

"ಸೋರ್ತದರಿ, ಉಸ್ತಾದ್ ಸಾಬ್. ಏಳು ಕಾಗದ ಬರ್ದೇನ್ರಿ."

"ನಾ ಮೂವತ್ತು ಬರ್ದಿದ್ದೆ. ಇನ್ನೂ ಇಪ್ಪತ್ಮೂರು ಬಾಕಿ ಅದ ನಿಂದು." ಸಾಹೇಬರು ನಕ್ಕರು.

ಮಾಸ್ತರರು ಬಂದ ಕೆಲಸ ಹೇಳಿದರು. ಸಾಹೇಬರು ಬೈಯಲಿಲ್ಲ. ಕಾಗದ, ಲೇಖನಿ ತರಿಸಿ, ಈ ಬಕ್ಕಪ್ಪನನ್ನು ತಾನೇ ಶಾಲೆಗೆ ಸೇರಿಸಿಕೊಂಡದ್ದು, ಇವನು ಹುಟ್ಟಿದ್ದು ಫಸಲಿ 1309 ಎಂದು ಬರೆದು ಸಹಿ ಹಾಕಿದರು. ಮಾಸ್ತರರು ಅದನ್ನು ಮಡಚುವಾಗ ಯಂತ್ರ ನಿಂತಿತು.

"ಭಾಯಿಜಾನ್," ಎಂದಳು ಶಾಕಿರಾ ಬೇಗಂ, "ಅಬ್ಬಾ ಮೂರು ಕಾಗದ ಬರ್ದಿದ್ರು ನಿಮಗ. ಮುಟ್ಟಿದಾವಿಲ್ಲೋ?"

ಮುಟ್ಟಿದ್ದವು. ಮೂರೂ ಶಾಲೆಯ ಮೇಜಿನ ಡ್ರಾವರಿನಲ್ಲಿದ್ದವು. ಶಾಲೆಯ ಸಾಮಾನೆಲ್ಲ ಒಪ್ಪಿಸಿ ಹೋಗಿದ್ದಾರೆ ಎಂದು ಈಗಿನ ಹೆಡ್‌ಮಾಸ್ಟರ್ ಒಂದು ಚೀಟಿ ಬರೆದು ಕೊಟ್ಟರೆ ಸಾಹೇಬರ ಪೆನ್ಶನ್ ಸುರುವಾಗುತ್ತಿತ್ತು. ಹೆಡ್‌ಮಾಸ್ಟರರು ಬರೆದಿರಲಿಲ್ಲ, ಏಕೆಂದರೆ ಸಾಮಾನಿನ ಪಟ್ಟಿಯಲ್ಲಿ ಒಂದು ಗೋಡೆ ಗಡಿಯಾರವಿತ್ತು, ಶಾಲೆಯಲ್ಲಿ ಇರಲಿಲ್ಲ. ಅದು ಗಲಾಟೆಯ ವಾರ ಪಟೇಲರ ಮನೆಗೆ ಹೋಗಿ ಅಲ್ಲೇ ನಡೆಯುತ್ತಿತ್ತು. ಅಲ್ಲಿ ಕೂತು ಟೈಮು ನೋಡಿಕೊಂಡು ಹೆಡ್‌ಮಾಸ್ಟರರು ಎಷ್ಟೋ ಸಲ ಎದ್ದುಬಂದಿದ್ದರು. ಎಲ್ಲ ಒಪ್ಪಿಸಿದ್ದಾರೆ ಎಂದು ಬರೆದರೆ ಗಡಿಯಾರವನ್ನು ನಾಳೆ ತನ್ನನ್ನು ಕೇಳುತ್ತಾರೆ. ಎಲ್ಲಿದೆ ಎಂದು ಬರೆದರೆ ಪಟೇಲರು ಕೇಳುತ್ತಾರೆ. ವಿಚಾರ ಮಾಡೋಣ ಎಂದು ಡ್ರಾವರಿಗೆ ಹಾಕಿದ್ದರು. ವಿಚಾರ ಎಂಟು ತಿಂಗಳು ನಡೆದಿತ್ತು.

"ಮುಟ್ಟಿಲ್ಲೇನೋ ಬೇಟಿ," ಎಂದು ಸಾಹೇಬರೇ ಉತ್ತರ ಕೊಟ್ಟರು. "ಟಪಾಲದ ಕಾರಭಾರ ಈಗ ಸರಿ ಇಲ್ಲ."

ಮಾಸ್ತರರು ಚಹಾ ಕುಡಿದರು. ಪತ್ರವನ್ನು ಜೇಬಿಗೆ ಹಾಕಿಕೊಂಡು ಕಚೇರಿಗೆ ನಡೆದರು.

ಕಚೇರಿಯಲ್ಲಿ ವಯಸ್ಸಿನ ಹಾಳೆಗಳನ್ನು ನೋಡುತ್ತಿದ್ದವನು ರಶೀದ ಅಹ್ಮದ ಎಂಬ ಗುಮಾಸ್ತ. ಮಾಸ್ತರರ ಅರ್ಜಿಯನ್ನೂ ಸಾಹೇಬರ ಪತ್ರವನ್ನೂ ಎರಡೆರಡು ಸಲ ಓದಿ, ಕನ್ನಡಕ ತೆಗೆದು, ಕಪಾಟಿನತ್ತ ಬೆರಳು ಮಾಡಿದ.

"ನೋಡ್ರಿ ಸಾಬ್. ಅಲ್ಲಿ ಅರವತ್ತೆರಡು ಅರ್ಜಿ ಅವ. ಎಲ್ಲಾ ವಯಸ್ಸು ಕಡಿಮಿ ಮಾಡ್ರಿ ಅಂತ. ಮೊದಲ ಖರೆ ಬರ್ದವ್ರು, ಬಾಜೂದವ್ರು ಸುಳ್ಳು ಬರ್ದಾರ ಅಂತ ಗೊತ್ತಾಗಿ, ಈಗ ಸುಳ್ಳು ಬರೀಲಿಕ್ಕ ಬಂದಾರ. ಅದಕ್ಕ ಹೋದ ವಾರ ಹುಕುಂ ಆಗ್ಯಾದ. ಯಾರ ವಯಸ್ಸೂ ಇಳಸಾಂಗಿಲ್ಲ."

"ಆದ್ರ ನಂದು ಖರೆ ಅದರಿ! ನಾ ಮೊದಲ ಸುಳ್ಳು ಬರ್ದೆ, ಈಗ ಖರೆ ಹೇಳ್ತೇನಿ."

"ಅರವತ್ತೆರಡು ಮಂದೀನೂ ಹಿಂಗೇ ಅಂದಾರ," ಎಂದ ರಶೀದ ಅಹ್ಮದ. ದನಿಯಲ್ಲಿ ವ್ಯಂಗ್ಯ ಇರಲಿಲ್ಲ. "ನಿಮ್ಮದು ಖರೇನೇ ಇರ್ಬೇಕು. ಸುಳ್ಳು ಹೇಳವ್ರು ಇಷ್ಟು ಬೆವರಾಂಗಿಲ್ಲ. ಮತ್ತ ಒಂದು ಮಾತು ಕೇಳ್ಲಿ? ಏರಿಸಿದ್ದು ಯಾಕ?"

ಮಾಸ್ತರರು ಮಡೆಪ್ಪನ ವಿಷಯ ಹೇಳಿದರು. ರಶೀದ ಅಹ್ಮದ ಎದ್ದು ಔರಾದಿನ ಕಟ್ಟು ಬಿಚ್ಚಿ ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟ. ಮಡೆಪ್ಪನ ದುಂಡನೆಯ ಅಕ್ಷರ. ಹುಟ್ಟಿದ ಇಸವಿ 1901.

ಮಾಸ್ತರರು ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿದರು. ಮಡೆಪ್ಪ ಹುಟ್ಟಿದ್ದು 1897. ಅವನೂ ನಾಲ್ಕೇ ವರ್ಷ ತಪ್ಪಿದ್ದ, ಇನ್ನೊಂದು ದಿಕ್ಕಿಗೆ.

"ಅಂದ್ರ..." ಎಂದರು.

"ಅಂದ್ರ ನೀವು ಖರೆ ಬರ್ದಿದ್ರೂ ಅಂವನಕಿಂತ ಎರಡು ವರ್ಷ ದೊಡ್ಡವ್ರು ಆಗ್ತಿದ್ರಿ. ಹೆಡ್‌ಮಾಸ್ಟರಿ ನಿಮ್ಮದೇ ಆಗ್ತಿತ್ತು. ಇಸವಿ ಐವತ್ನಾಲ್ಕರ ತನಕ." ರಶೀದ ಅಹ್ಮದ ಹಾಳೆ ವಾಪಸು ತೆಗೆದುಕೊಂಡ. "ಏನೂ ಮಾಡ್ಬೇಕಾಗಿರಲಿಲ್ಲ ಸಾಬ್. ಸುಮ್ಮ ಕೂಡಿಸಿದ್ರ ಆಗ್ತಿತ್ತು."

ಮಾಸ್ತರರಿಗೆ ಕೂರಬೇಕೆನಿಸಿತು. ಅಲ್ಲಿ ಖುರ್ಚಿ ಇರಲಿಲ್ಲ.

ಗುಮಾಸ್ತನಿಗೆ ಕರುಣೆ ಬಂತು. ದನಿ ಇಳಿಸಿ ಹೇಳಿದ, "ಒಂದು ದಾರಿ ಅದ. ಮಡೆಪ್ಪನ ಹಾಳಿ ಸುಳ್ಳು ಅದ ಅಂತ ಒಂದು ಅರ್ಜಿ ಹಾಕ್ರಿ. ಇಬ್ಬರಿಗೂ ಕಲಿಸಿದ ಉಸ್ತಾದ್ ಇದ್ದಾರ, ಸಾಕ್ಷಿ ಆಗ್ತದ. ವಿಚಾರಣಿ ಸುರು ಆದ್ರ ಮುಗಿಯೂ ತನಕ ಯಾರಿಗೂ ಮನಿಗಿ ಕಳ್ಸಾಂಗಿಲ್ಲ. ಎರಡು ವರ್ಷ ಹಿಡಿತದ."

"ವಿಚಾರಣಿ ಮುಗಿದ ಮ್ಯಾಲ?"

"ಸುಳ್ಳು ಬರ್ದವರಿಗಿ ಪೆನ್ಶನ್ ಇಲ್ಲ."

"ಸುಳ್ಳು ಬರ್ದವ್ರು ಅಂದ್ರ..."

"ಇಬ್ಬರೂ, ಸಾಬ್."

ಮಾಸ್ತರರು ಬರೆಯಲಿಲ್ಲ. ಮಡೆಪ್ಪನಿಗೆ ಐದು ಹೆಣ್ಣುಮಕ್ಕಳು, ಅವರ ಮುಖ ಕಣ್ಣ ಮುಂದೆ ಬಂತು, ಅದಕ್ಕೇ ಬಿಟ್ಟೆ ಎಂದು ಅವರು ಮುಂದೆ ಎಷ್ಟೋ ಸಲ ಹೇಳಿದರು. ಸುಳ್ಳಲ್ಲ, ಬಂದಿತ್ತು. ಆದರೆ ಪೆನ್ಶನ್ ಸ್ವಲ್ಪ ಮೊದಲು ಬಂದಿತ್ತು.

ಸಂಜೆಯ ಮೋಟಾರಿನಲ್ಲಿ ಡ್ರೈವರನ ಪಕ್ಕದ ಸೀಟಿನಲ್ಲಿ ಒಬ್ಬ ತಹಸೀಲ್ ಕಚೇರಿಯವನು ಕೂತಿದ್ದ. ಅವನನ್ನು ಯಾರೂ ಎಬ್ಬಿಸಲಿಲ್ಲ. ಮಾಸ್ತರರು ಹಿಂದೆ, ಜನವಾಡದಲ್ಲಿ ಹತ್ತಿದ ಎರಡು ಕುರಿಗಳ ನಡುವೆ ಕೂತು ಔರಾದ ಮುಟ್ಟಿದರು.

ಮಾರನೆಯ ದಿನ ಶಾಲೆಗೆ ಹೋಗಿ ಡ್ರಾವರ್ ತೆಗೆದರು. ಮೂರು ಕಾಗದ ಹೊರಗಿಟ್ಟರು. ಸಾಮಾನಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಗುರುತು ಹಾಕಿ, ಮುನೀರೋದ್ದೀನ ಸಾಹೇಬರು ಎಲ್ಲ ಒಪ್ಪಿಸಿದ್ದಾರೆ ಎಂದು ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಗೋಡೆ ಗಡಿಯಾರ ಒಂದು, ಸದ್ಯ ಪಟೇಲರ ಮನೆಯ ಪಡಸಾಲೆಯಲ್ಲಿದೆ, ನಾನು ಕಣ್ಣಾರೆ ನೋಡಿದ್ದೇನೆ.

ಮಡೆಪ್ಪ ಹೆಗಲ ಮೇಲಿಂದ ಓದಿದ. "ಲೇ ಬಕ್ಕ್ಯಾ, ತಲಿ ಕೆಟ್ಟದೇನೋ? ಪಟೇಲ ಸುಮ್ಮ ಬಿಡ್ತಾನೇನು?"

"ಏನ್ ಮಾಡ್ತಾನ? ಮನಿಗಿ ಕಳಸ್ತಾನೇನು? ಸರಕಾರ ಆಗಲೇ ಕಳಿಸ್ಯಾದ."

"ಇದು ಹೋದ ವರ್ಷ ಬರ್ದಿದ್ರ ಛಲೋ ಇತ್ತು."

"ಹೋದ ವರ್ಷ ನಾ ಹೆಡ್‌ಮಾಸ್ಟರ್ ಇದ್ದೆ," ಎಂದರು ಮಾಸ್ತರರು. ಹೇಳಿಯಾದ ಮೇಲೆ ಆ ಮಾತು ಅವರಿಗೇ ವಿಚಿತ್ರವಾಗಿ ಕೇಳಿಸಿತು. ಆಮೇಲೆ ಹೇಳಿದರು, "ನಿನ್ನ ಹಾಳಿ ನೋಡ್ದೆ ಬೀದರದಾಗ. ಸಾವಿರದ ಒಂಬೈನೂರಾ ಒಂದು."

ಮಡೆಪ್ಪನ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. "ಹೇಳ್ದಿ ಏನು ಅವರಿಗಿ?"

"ಇಲ್ಲ."

"ದೊಡ್ಡ ಮನಸ್ಸು ಮಾಡ್ದಿ."

"ಹೌದು," ಎಂದರು ಮಾಸ್ತರರು, "ಮಾಡ್ದೆ."

ಪಟೇಲರು ಕೂಗಾಡಿದರು, ಶಾಲೆಯಲ್ಲಿ ಚಹಾ ಕುಡಿಯುವುದನ್ನು ಬಿಟ್ಟರು. ಹದಿನೈದು ರೂಪಾಯಿಯಲ್ಲಿ ಮೊದಲ ಬಾರಿಗೆ ನಾಲ್ಕು ಉಳಿಯಿತು. ಖುರ್ಚಿಯೂ ಖಾಲಿ ಸಿಕ್ಕಿತು, ಆದರೆ ಆಗ ಕೂರುವುದಕ್ಕೆ ಉಳಿದದ್ದು ಮೂರು ತಿಂಗಳು.

ಆಗಸ್ಟ್ ಕೊನೆಗೆ ಬಕ್ಕಪ್ಪ ಮಾಸ್ತರರು ಮನೆಗೆ ಬಂದರು. ಮಡೆಪ್ಪ ಹೆಡ್‌ಮಾಸ್ಟರನಾಗಿ 1956ರ ತನಕ ಇದ್ದ. ಬಕ್ಕಪ್ಪನವರಿಗೆ ಸಿಕ್ಕದ್ದು ಹದಿನಾಲ್ಕು ತಿಂಗಳ ಹೆಡ್‌ಮಾಸ್ಟರಿಕೆ ಮತ್ತು ಊರಿನವರ ಬಾಯಲ್ಲಿ ಕೊನೆತನಕ ಆ ಹೆಸರು. ಮುನೀರೋದ್ದೀನ ಸಾಹೇಬರಿಗೆ ಪೆನ್ಶನ್ ಸಿಕ್ಕಿತು, ಎಂಟು ತಿಂಗಳು ತಡವಾಗಿ. ಹೋದದ್ದು ನಾಲ್ಕು ವರ್ಷದ ನೌಕರಿ, ಅದರ ಪಗಾರ, ಮತ್ತು ಸುಮ್ಮನಿದ್ದರೂ ತಮ್ಮದೇ ಆಗುತ್ತಿದ್ದ ಅಷ್ಟೂ ವರ್ಷದ ಹೆಡ್‌ಮಾಸ್ಟರಿಕೆ.